ಸೂರು, ಸಾಲ, ಸಂಜೆಯ ಶಾಲೆ

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೂರು ಸಂಘ ಹುಟ್ಟುತ್ತವೆ ಅಂತ ಹಳೆಯದೊಂದು ಜೋಕಿದೆ. ಊರಿನಿಂದ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಭಾಷಣ ಶುರು ಮಾಡುವುದೇ ಇದರಿಂದ. ನಾವೂ ನಗುತ್ತೇವೆ. ಆಮೇಲೆ ಅವರು "ಇಷ್ಟು ದೂರ ಇದ್ದುಕೊಂಡೂ ಕನ್ನಡ ಉಳಿಸಿಕೊಂಡಿದ್ದೀರಲ್ಲ" ಅಂತ ಹೊಗಳಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು ರಾತ್ರಿಯ ಗಾಡಿಗೆ ಹೊರಟುಬಿಡುತ್ತಾರೆ. ನಾನು ಈ ನಗರಕ್ಕೆ ಬಂದು ನಲವತ್ತು ವರ್ಷವಾಯಿತು. ಇಂಥ ಹೊಗಳಿಕೆ ಕೇಳಿದಾಗೆಲ್ಲ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಇಷ್ಟೊಂದು ಸಂಘಗಳು ಇಲ್ಲಿ ಹುಟ್ಟಿದ್ದು ಕನ್ನಡ ಉಳಿಸಬೇಕು ಅಂತಲಾ? ಹಳಬರನ್ನು ಕೇಳುತ್ತಾ, ಸ್ಮರಣ ಸಂಚಿಕೆಗಳ ಪುಟ ತಿರುವುತ್ತಾ ಹೋದರೆ ಸಿಗುವ ಉತ್ತರ ಬೇರೆ. ಮೊದಲು ಬೇಕಾಗಿದ್ದದ್ದು ತಲೆಯ ಮೇಲೊಂದು ಸೂರು, ಕಷ್ಟಕ್ಕೊಂದು ಸಾಲ, ಹುಡುಗರಿಗೆ ನಾಲ್ಕಕ್ಷರ. ಇವುಗಳ ಹಿಂದೆ ಹಿಂದೆಯೇ ಕನ್ನಡ ಬಂತು. ಬಂದದ್ದು ಹಾಗೆ ಆದ್ದರಿಂದಲೇ ಅಷ್ಟು ಕಾಲ ನಿಂತಿತು ಅಂತಲೂ ನನಗೆ ಅನ್ನಿಸುತ್ತದೆ.

ನಾವೆಲ್ಲ ಇಲ್ಲಿಗೆ ಬಂದದ್ದು ಒಂದೇ ದಾರಿಯಿಂದಲ್ಲ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಕಾರವಾರ, ಕುಮಟಾ, ಹೊನ್ನಾವರದ ಕಡೆಯ ಓದಿದ ಹುಡುಗರಿಗೆ ಹೈಕೋರ್ಟು, ಕಾಲೇಜು, ಗುಮಾಸ್ತಿಕೆ ಎಲ್ಲವೂ ಮುಂಬಯಿಯೇ. ಧಾರವಾಡ, ಬೆಳಗಾವಿ, ಬಿಜಾಪುರದವರಿಗೂ ಅಷ್ಟೇ. ದಕ್ಷಿಣ ಕನ್ನಡ ಮಾತ್ರ 1956ರವರೆಗೂ ಮದ್ರಾಸಿನ ಕಡೆಗೇ ಉಳಿಯಿತು. ಆದರೂ ಅಲ್ಲಿನ ಹುಡುಗರು ಮದ್ರಾಸಿಗಿಂತ ಹೆಚ್ಚಾಗಿ ಮುಂಬಯಿಯ ದಾರಿ ಹಿಡಿದರು. ಸಮುದ್ರ ಇತ್ತಲ್ಲ! ಕರಾವಳಿಯ ಬಂದರುಗಳಿಂದ ಆಗಬೋಟು ಹತ್ತಿದರೆ ಮುಂಬಯಿ ಧಕ್ಕೆಯಲ್ಲಿ ಇಳಿಯಬಹುದಿತ್ತು. ಮಳೆಗಾಲದಲ್ಲಿ ಮಾತ್ರ ಆಗಬೋಟು ಬಂದ್. ಹೀಗಾಗಿ ಊರಿನಲ್ಲಿ ಯಾರಾದರೂ ತೀರಿಕೊಂಡರೂ ಇಲ್ಲಿದ್ದವರಿಗೆ ಕಾಗದ ಮುಟ್ಟುವ ಹೊತ್ತಿಗೆ ವೈಕುಂಠ ಸಮಾರಾಧನೆ ಮುಗಿದಿರುತ್ತಿತ್ತು. ಹಳೇ ಮೈಸೂರು ಸಂಸ್ಥಾನದ ಕಡೆಯಿಂದ ಬಂದವರದು ಮೂರನೆಯ ದಾರಿ.

ಹೀಗೆ ಬಂದವರಿಗೆ ಎದುರಾದ ಮೊದಲ ಸಂಕಟ ಖೋಲಿಯದ್ದು. ಚಾಳಿನ ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಪಾಳಿಯ ಮೇಲೆ ಮಲಗುವುದು ನನ್ನ ಕಾಲಕ್ಕೂ ಇತ್ತು. ಎರಡನೆಯದು ದುಡ್ಡಿನದು. ಊರಿನಲ್ಲಿ ತಂಗಿಯ ಮದುವೆ, ಇಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಬಡ್ಡಿಗೆ ಕೊಡುವ ಪಠಾಣನ ಹತ್ತಿರ ಹೋದವನು ಮತ್ತೆ ತಲೆ ಎತ್ತುವುದು ಕಷ್ಟ. ದೊಡ್ಡ ಬ್ಯಾಂಕುಗಳು ಗುಮಾಸ್ತನ ಮುಖ ನೋಡುತ್ತಿರಲಿಲ್ಲ.

ಇದಕ್ಕೊಂದು ದಾರಿ ತೋರಿಸಿದವರು ಶ್ರೀಪಾದ ಸುಬ್ರಾವ್ ತಲ್ಮಕಿ. ಉತ್ತರ ಕನ್ನಡ ಮೂಲದ ಚಿತ್ರಾಪುರ ಸಾರಸ್ವತರು. ಮನೆಮಾತು ಕೊಂಕಣಿ, ಊರಿನ ಶಾಲೆಯ ಮಾತು ಕನ್ನಡ. ದೇಶದಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಎರಡೇ ವರ್ಷದಲ್ಲಿ, 1906ರ ಡಿಸೆಂಬರಿನಲ್ಲಿ, ತಲ್ಮಕಿಯವರು ಮುಂಬಯಿಯಲ್ಲಿ ಒಂದು ಸಾಲ ಸಂಘ ಶುರು ಮಾಡಿ ಅದಕ್ಕೆ ತಾವು ಗುರುವೆಂದು ಕಂಡ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿಟ್ಟರು. ಇವತ್ತು ಎಸ್‌ವಿಸಿ ಬ್ಯಾಂಕ್ ಅಂತ ಬೋರ್ಡು ನೋಡುತ್ತೀರಲ್ಲ, ಅದು ಅದೇ. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಹುಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಏಷ್ಯಾದ ಮೊದಲ ಸಹಕಾರಿ ಗೃಹನಿರ್ಮಾಣ ಸಂಘ ಅಂತ ಅದನ್ನು ಹೇಳುತ್ತಾರೆ. ಒಂಬತ್ತು ವರ್ಷದೊಳಗೆ ಸಾಲಕ್ಕೊಂದು, ಸೇರಲಿಕ್ಕೊಂದು, ವಾಸಕ್ಕೊಂದು ಸಂಸ್ಥೆ. ಇವತ್ತು ಮುಂಬಯಿಯಲ್ಲಿ ಲಕ್ಷಗಟ್ಟಲೆ ಜನ "ನಮ್ಮ ಸೊಸೈಟಿ" ಅಂತ ಹೇಳುವ ಮಾತಿನ ಹಿಂದೆ ನಮ್ಮ ಜಿಲ್ಲೆಯವರೊಬ್ಬರ ಲೆಕ್ಕದ ಪುಸ್ತಕ ಇದೆ ಅನ್ನೋದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಈ ಸಂಘಗಳು ಜಾತಿಯ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಇನ್ನೂ ಹಳೆಯದು, 1902ರದ್ದು. ಬಂಟರ ಸಂಘ 1920ರ ದಶಕದ ಕೊನೆಯಲ್ಲಿ ಬಂತು, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಕನ್ನಡಿಗರು ಅಂತ ಒಟ್ಟಾಗುವ ಬದಲು ಜಾತಿಜಾತಿಯಾಗಿ ಒಡೆದುಕೊಂಡರು ಅಂತ ಇದನ್ನು ಬೈಯುವವರಿದ್ದಾರೆ, ನಾನೂ ಬೈದಿದ್ದೇನೆ. ಆದರೆ ಸಾಲದ ವ್ಯವಹಾರ ನಡೆಯುವ ಬಗೆ ನೋಡಿ. ಆಸ್ತಿ ಅಡವಿಡಲು ಏನೂ ಇಲ್ಲದವನಿಗೆ ಜಾಮೀನು ನಿಲ್ಲುವವರು ಯಾರು? ಅವನ ಮನೆ ಗೊತ್ತಿದ್ದವನು. ಅಪ್ಪನ ಹೆಸರು, ಗದ್ದೆಯ ಗಡಿ, ಗುತ್ತಿನ ಮನೆ ಯಾವುದು ಅಂತ ಬಲ್ಲವನು. ಓಡಿಹೋದರೆ ಊರಿನಲ್ಲಿ ಯಾರನ್ನು ಕೇಳಬೇಕು ಅಂತ ತಿಳಿದವನು. ಆ ಕಾಲದಲ್ಲಿ ಅಷ್ಟು ಪರಿಚಯ ಇರುತ್ತಿದ್ದದ್ದು ಕುಲದ ಒಳಗೇ. ನಂಬಿಕೆ ಎಲ್ಲಿತ್ತೋ ಸಂಘ ಅಲ್ಲಿ ಕಟ್ಟಿಕೊಂಡಿತು.

ಊರಿನಲ್ಲಿ ದೇವಸ್ಥಾನದ ಹೊಸ್ತಿಲು ದಾಟಲು ಬಿಡದಿದ್ದ ಜಾತಿಗಳಿಗೆ ಈ ಸಂಘ ಬೇರೆಯೇ ಅರ್ಥ ಕೊಟ್ಟಿತು. ಸಭೆ ಕರೆಯುವುದು, ಠರಾವು ಬರೆಯುವುದು, ಲೆಕ್ಕ ಒಪ್ಪಿಸುವುದು, ಒಬ್ಬರನ್ನು ಆರಿಸಿ ಕುರ್ಚಿಯ ಮೇಲೆ ಕೂರಿಸಿ ಮುಂದಿನ ವರ್ಷ ಇಳಿಸುವುದು, ಇದನ್ನೆಲ್ಲ ಎಷ್ಟೋ ಜನ ಕಲಿತದ್ದು ಮುಂಬಯಿಯ ಸಂಘದ ಬೆಂಚಿನ ಮೇಲೆ. ಬಿಲ್ಲವರ ಅಸೋಸಿಯೇಷನ್ ನಾರಾಯಣ ಗುರುಗಳ ಮಾತನ್ನು ಹಿಡಿದು ನಡೆಯಿತು. ಆ ಸಮಾಜದವರೇ ಮುಂದಾಗಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ತೆರೆದರು. ಹೋಟೆಲ್ ಕೆಲಸದವರ, ಸಣ್ಣ ಅಂಗಡಿಯವರ ಉಳಿತಾಯದಿಂದ ಬೆಳೆದ ಆ ಬ್ಯಾಂಕಿಗೆ ಈಗ ನೂರಕ್ಕೂ ಹೆಚ್ಚು ಶಾಖೆಗಳಿವೆ. ಕೌಂಟರಿನಲ್ಲಿ ತುಳು ಮಾತಾಡಿದರೆ ತುಳುವಿನಲ್ಲೇ ಉತ್ತರ ಸಿಗುತ್ತಿದ್ದದ್ದು ಎಷ್ಟೋ ಜನರನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸಿತು.

ಜಾತಿಯ ಗೆರೆ ದಾಟಿ ಭಾಷೆಯ ಮೇಲೆ ಕಟ್ಟಿದ ಸಂಘಗಳೂ ಇದೇ ಹೊತ್ತಿಗೆ ಬಂದವು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ನಾಟಕ, ಸಂಗೀತ, ಉಪನ್ಯಾಸ, ಪುಸ್ತಕ ಪ್ರಕಟಣೆ ಇವರ ಕ್ಷೇತ್ರ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಈ ನಗರದಲ್ಲಿದ್ದೇ ಬರೆದವರು. ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂದಾಗ ಮುಂಬಯಿಯ ಆಫೀಸು ಕನ್ನಡ ಕಾದಂಬರಿಯ ಒಳಗೆ ಬಂದು ಕುಳಿತಿತು. ಸಾಹಿತ್ಯದ ಈ ಕಥೆ ಊರಿನವರಿಗೆ ಗೊತ್ತಿದೆ. ಗೊತ್ತಿಲ್ಲದ್ದು ರಾತ್ರಿಶಾಲೆಯ ಕಥೆ.

ಮಾಟುಂಗಾ ಸ್ಟೇಷನ್ನಿನ ಎದುರು ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಲೆಯ ಊಟಕ್ಕೆ ಇವತ್ತಿಗೂ ಅಲ್ಲಿ ಸಾಲು ನಿಲ್ಲುತ್ತದೆ. ಅಂಥ ಹೋಟೆಲು, ಕ್ಯಾಂಟೀನುಗಳು ನಗರದ ಉದ್ದಗಲಕ್ಕೂ ಹಬ್ಬಿದವು. ಒಂದೊಂದು ಹೋಟೆಲಿನ ಹಿಂದೆ ಹತ್ತು ಹನ್ನೆರಡು ವರ್ಷದ ಹುಡುಗರ ಒಂದು ಹಿಂಡು. ಸೋದರಮಾವನ ಕೈಹಿಡಿದೋ, ಮನೆಯಲ್ಲಿ ಹೇಳದೆ ಓಡಿಬಂದೋ ಸೇರಿದವರು. ಮೊದಲು ಕಪ್ಪು-ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ವೇಟರ್, ಅದೃಷ್ಟ ಇದ್ದರೆ ಗಲ್ಲೆಯ ಮೇಲೆ ಕೂರುವುದು. ಮಲಗುವುದು ಅದೇ ಟೇಬಲ್‌ಗಳ ಮೇಲೆ. ಈ ಮಕ್ಕಳಿಗಾಗಿ ಸಂಘಗಳು ಹಗಲು ಶಾಲೆಗಳ ಕೋಣೆ ಬೇಡಿಕೊಂಡು ಕನ್ನಡ ಮಾಧ್ಯಮದ ರಾತ್ರಿಶಾಲೆ ನಡೆಸಿದವು. ಮೊಗವೀರ ಮಂಡಳಿ ನಡೆಸಿತು, ಬಿಲ್ಲವರು ಗುರುನಾರಾಯಣ ರಾತ್ರಿಶಾಲೆ ನಡೆಸಿದರು, ಇನ್ನೂ ಹಲವರು ನಡೆಸಿದರು. ಫೋರ್ಟಿನಲ್ಲಿ ಇವು ಹೆಚ್ಚಾಗಿದ್ದದ್ದಕ್ಕೆ ಕಾರಣ ಸರಳ. ಆಫೀಸು ಬಿಟ್ಟರೆ ಆಫೀಸಿನ ಕ್ಯಾಂಟೀನೂ ಬಂದ್. ಆರೂವರೆಗೆ ಹುಡುಗರ ಕೈ ಖಾಲಿ.

ನಾನು 1980ರ ದಶಕದಲ್ಲಿ ಅಂಥದೊಂದು ಶಾಲೆಯಲ್ಲಿ ಆಫೀಸು ಮುಗಿಸಿ ಹೋಗಿ ಗಣಿತ ಹೇಳಿಕೊಡುತ್ತಿದ್ದೆ. ಎಂಟನೇ ಕ್ಲಾಸಿನಲ್ಲಿ ಹದಿನಾಲ್ಕರ ಹುಡುಗನ ಪಕ್ಕ ಇಪ್ಪತ್ನಾಲ್ಕರ ಮೀಸೆ ಬಂದವನು. ಅಂಗಿಯಲ್ಲಿ ಎಣ್ಣೆಯ ಕಮಟು, ನೀರಿನಲ್ಲಿ ನೆಂದು ಬಿಳಿಚಿದ ಬೆರಳು. ಎಂಟು ಗಂಟೆಗೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಆದರೆ ಬಡ್ಡಿ ಲೆಕ್ಕ, ಶೇಕಡಾ ಲೆಕ್ಕ ಅಂದರೆ ಎಲ್ಲರೂ ಎದ್ದು ಕೂರುತ್ತಿದ್ದರು. ಹತ್ತು ಟೇಬಲ್ಲಿನ ಬಿಲ್ಲು ತಲೆಯಲ್ಲೇ ಇಟ್ಟುಕೊಂಡವರಿಗೆ ಕಾಗದವೇ ಬೇಡ. ಬೀಜಗಣಿತ ಶುರು ಮಾಡಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಮಾಷ್ಟ್ರೇ, ಈ ಎಕ್ಸ್ ಅಂದ್ರೆ ಗಿರಾಕಿ ಕೊಡದೇ ಹೋದ ಬಿಲ್ಲಾ?" ಇಡೀ ಕ್ಲಾಸು ನಕ್ಕಿತು. ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರವೂ ಇರಲಿಲ್ಲ.

ಹಾಜರಿ ಪುಸ್ತಕದಲ್ಲಿ ಎಲ್ಲ ಜಾತಿಯ ಹೆಸರೂ ಇರುತ್ತಿದ್ದವು. ಶೆಟ್ಟಿ, ಪೂಜಾರಿ, ಕೋಟ್ಯಾನ್, ಭಟ್, ನಾಯ್ಕ, ಗೌಡ, ಅಪರೂಪಕ್ಕೊಬ್ಬ ಡಿಸೋಜ. ಸಂಘ ಯಾವ ಜಾತಿಯದೇ ಇರಲಿ, ಬೆಂಚಿನ ಮೇಲೆ ತುಳುವಿನವನು, ಕೊಂಕಣಿಯವನು, ಕುಂದಾಪುರದವನು ಒತ್ತಾಗಿ ಕೂತು ಒಂದೇ ಕನ್ನಡ ಪಾಠ ಓದಬೇಕಿತ್ತು. ಜಾತಿಯ ದುಡ್ಡಿನಲ್ಲಿ ನಡೆದ ಶಾಲೆ ಜಾತಿ ಮೀರಿದ ಗೆಳೆತನ ಕಟ್ಟಿಕೊಟ್ಟಿತು. ಮುಂಬಯಿಯಲ್ಲಿ ಮನೆಮಾತು ಕನ್ನಡ ಅಲ್ಲದ ಸಾವಿರಾರು ಜನ ತಾವು ಕನ್ನಡಿಗರು ಅಂತ ಹೇಳಿಕೊಳ್ಳಲು ಈ ಬೆಂಚುಗಳದ್ದೂ ಪಾಲಿದೆ. ಪಠ್ಯಪುಸ್ತಕ ಅಚ್ಚು ಹಾಕುತ್ತಿದ್ದದ್ದು ಮಹಾರಾಷ್ಟ್ರ ಸರಕಾರದ ಬಾಲಭಾರತಿ. ನಗರಪಾಲಿಕೆಯೂ ಮರಾಠಿ, ಹಿಂದಿ, ಉರ್ದು, ಗುಜರಾತಿಯ ಜೊತೆ ಕನ್ನಡ ಶಾಲೆಗಳನ್ನು ನಡೆಸಿತು. ಇದನ್ನು ನಾವು ಮರೆಯಬಾರದು.

ಹಾಗಂತ ಎಲ್ಲ ಕಾಲವೂ ಸುಖವಾಗಿರಲಿಲ್ಲ. ಶಿವಸೇನೆ ಹುಟ್ಟಿದ್ದು 1966ರಲ್ಲಿ. ದಕ್ಷಿಣದವರು ನೌಕರಿ ಕಿತ್ತುಕೊಂಡರು ಅನ್ನುವ ಸಿಟ್ಟು ಬೀದಿಗೆ ಬಂತು, ಲುಂಗಿಯವರು ಅನ್ನುವುದು ಬೈಗುಳವಾಯಿತು. ಗಡಿ ವಿವಾದದ ಹೆಸರಿನಲ್ಲಿ 1969ರ ಫೆಬ್ರವರಿಯಲ್ಲಿ ನಡೆದ ಗಲಭೆಯಲ್ಲಿ ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿತ್ತು. ಆ ದಿನಗಳನ್ನು ಕಂಡ ಒಬ್ಬ ಹಿರಿಯ ಹೋಟೆಲಿನವರನ್ನು ನಾನು ಒಮ್ಮೆ ಕೇಳಿದ್ದೆ, ಊರಿಗೆ ಹೋಗಿಬಿಡೋಣ ಅನ್ನಿಸಲಿಲ್ಲವಾ ಅಂತ. ಅವರು ಹೇಳಿದ್ದು: "ಎಂತ ಮಾರಾಯ್ರೇ, ಊರಲ್ಲಿ ಎಂತ ಉಂಟು ಅಂತ ಹೋಗುದು? ಬಾಗಿಲು ಹಾಕಿದೆ. ಮೂರನೇ ದಿವಸ ನೆರೆಮನೆಯ ಮರಾಠಿಯವರೇ ಬಂದು ಹಾಲು ಬೇಕು, ಬಾಗಿಲು ತೆಗೀರಿ ಅಂದ್ರು. ತೆಗೆದೆ." ಅಂಥ ಹೊತ್ತಿನಲ್ಲಿ ಸಂಘದ ಕೆಲಸ ಯಾವ ಹೋಟೆಲು ಸುರಕ್ಷಿತ, ಯಾರಿಗೆ ಪೆಟ್ಟಾಯಿತು, ಯಾವ ಹುಡುಗ ಕಾಣೆ ಅಂತ ತಿಳಿದುಕೊಳ್ಳುವುದು. ಭಾಷೆಯ ಅಭಿಮಾನದ ಭಾಷಣ ಮಾಡುವ ಕಾಲ ಅದಾಗಿರಲಿಲ್ಲ. ಈ ನಗರದಲ್ಲಿ ಬದುಕುವವನು ಮರಾಠಿ ಕಲಿಯಲೇಬೇಕು, ಕಲಿತವನಿಗೆ ಅದು ಹೊರೆಯಲ್ಲ ಅನ್ನುವ ಬುದ್ಧಿ ನಮ್ಮವರಿಗೆ ಬಲವಾಗಿ ಬಂದದ್ದೂ ಆಗಲೇ ಇರಬೇಕು.

ಸಂಘಗಳು ಬೆಳೆಯಲು ಇನ್ನೊಂದು ಕಾರಣ ಅವುಗಳ ಪತ್ರಿಕೆಗಳು. ಮೊಗವೀರ ಮಂಡಳಿಯ 'ಮೊಗವೀರ' ಸ್ವಾತಂತ್ರ್ಯಕ್ಕೆ ಮೊದಲೇ ಶುರುವಾದದ್ದು. ಬಿಲ್ಲವರ 'ಅಕ್ಷಯ', ಮೈಸೂರು ಅಸೋಸಿಯೇಷನ್ನಿನ 'ನೇಸರು', ಹೀಗೆ ಒಂದೊಂದು ಸಂಘಕ್ಕೆ ಒಂದೊಂದು. ಕಥೆ, ಕವನ, ಸಂಪಾದಕೀಯ ಇರುತ್ತಿದ್ದವು, ನಿಜ. ಆದರೆ ಸಂಘದ ಪತ್ರಿಕೆ ಕೈಗೆ ಬಂದರೆ ಜನ ಮೊದಲು ತಿರುವುತ್ತಿದ್ದದ್ದು ಹಿಂದಿನ ಪುಟಗಳನ್ನು. ಯಾರ ಮಗ ಪಾಸಾದ, ಯಾರ ಮಗಳ ಮದುವೆ, ಯಾರು ತೀರಿಕೊಂಡರು, ಸಾಲ ಯಾರಿಗೆ ಮಂಜೂರಾಯಿತು. ಡೊಂಬಿವಲಿಯವನಿಗೆ ದಹಿಸರಿನವನ ಸುದ್ದಿ ಸಿಗುತ್ತಿದ್ದದ್ದು ಅಲ್ಲಿ. ನಗರ ಉತ್ತರಕ್ಕೂ ಪೂರ್ವಕ್ಕೂ ಉದ್ದವಾಗುತ್ತಾ ಹೋದಂತೆ, ಫೋರ್ಟಿನ ಚಾಳು ಬಿಟ್ಟು ಜನ ಮೀರಾ ರೋಡು, ಥಾಣೆ, ನವಿ ಮುಂಬಯಿಗೆ ಚದುರಿದಂತೆ, ಈ ಕೊನೆಯ ಪುಟಗಳೇ ಅವರನ್ನು ಹಿಡಿದಿಟ್ಟವು.

ಆಮೇಲೆ ಒಂದೊಂದಾಗಿ ಅಗತ್ಯಗಳೇ ತೀರುತ್ತಾ ಬಂದವು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಮಂಗಳೂರು ಒಂದು ರಾತ್ರಿಯ ದಾರಿಯಾಯಿತು. ಮನೆಗೆ ಸಾಲ ಯಾವ ಬ್ಯಾಂಕಿನಲ್ಲೂ ಸಿಗತೊಡಗಿತು. 2006ರ ಅಕ್ಟೋಬರಿನಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದಕ್ಕೆ ನಿಷೇಧ ಬಂತು. ಬರಬೇಕಾದ್ದೇ, ತಡವಾಗಿ ಬಂತು. ಅಷ್ಟರಲ್ಲಿ ನಮ್ಮ ಕರಾವಳಿಯ ಮಕ್ಕಳು ಊರಿನಲ್ಲೇ ಕಾಲೇಜು ಓದುತ್ತಿದ್ದರು. ಈಗ ಉಡುಪಿ ಹೋಟೆಲಿನಲ್ಲಿ ದೋಸೆ ತಂದಿಡುವವನು ಬಿಹಾರದವನೋ ಒಡಿಶಾದವನೋ ಆಗಿರುತ್ತಾನೆ. ರಾತ್ರಿಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚಿದವು, ಪಾಲಿಕೆಯ ಕನ್ನಡ ಶಾಲೆಗಳೂ ಸೊರಗಿದವು. ಸಂಘಗಳು ಇಂಗ್ಲಿಷ್ ಮಾಧ್ಯಮಕ್ಕೆ, ಕಾಲೇಜುಗಳಿಗೆ ಹೊರಳಿದವು. ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ, ಅಂಧೇರಿಯಲ್ಲಿ ಮೊಗವೀರರ ಎಂವಿಎಂ ಶಿಕ್ಷಣ ಸಂಕುಲ ಈಗ ಎಲ್ಲ ಭಾಷೆಯ ಮಕ್ಕಳ ಶಾಲೆಗಳು. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಈ ಚರಿತ್ರೆಯನ್ನೆಲ್ಲ ಪುಸ್ತಕ ಮಾಡಿ ಕಾಪಿಡುವ ಕೆಲಸ ಮಾಡುತ್ತಿದೆ. ಸಂಘಗಳು ಸೋತವು ಅಂತ ಇದನ್ನೆಲ್ಲ ನೋಡಿ ಹೇಳಲಾರೆ. ಹಸಿದವನಿಗೆ ಬಡಿಸಿ ಮುಗಿದ ಮೇಲೆ ಎಲೆ ಎತ್ತಲೇಬೇಕು.

ಆದರೆ ಹಸಿದವರು ಎಲ್ಲರೂ ಉಂಡು ಎದ್ದರಾ? ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಏಳಕ್ಕೆ ಹೋಗಿ ನಿಂತುಕೊಳ್ಳಿ. ಸನಿಕೆ, ಬುಟ್ಟಿ ಹಿಡಿದು ಕೂಲಿಗೆ ಕರೆಯುವವನಿಗಾಗಿ ಕಾಯುವ ಗುಂಪಿನಲ್ಲಿ ಕನ್ನಡ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಈ ನಗರದ ಗೋಪುರಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದಾರೆ. ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡುವ ಇವರು ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಕಾಣುವುದು ತೀರಾ ಕಡಿಮೆ. ಜಾಮೀನು ನಿಲ್ಲಲು ಬೇಕಾದ ಆ ಹಳೆಯ ಪರಿಚಯದ ದಾರ ಇವರವರೆಗೆ ಬರಲಿಲ್ಲ. ಇವರಿಗೆ ಬೇಕಾಗಿರುವುದು ನಾವು ನೂರು ವರ್ಷದ ಹಿಂದೆ ಹುಡುಕಿಕೊಂಡದ್ದೇ: ಸೂರು, ಸಾಲ, ಮಕ್ಕಳಿಗೊಂದು ಶಾಲೆ. ಕರ್ನಾಟಕ ಸಂಭ್ರಮಕ್ಕೆ ಶಾಮಿಯಾನ ಹಾಕುವಾಗ ಗುಂಡಿ ತೋಡುವವನ ಹತ್ತಿರ ನಾವು ಹಿಂದಿಯಲ್ಲಿ ಮಾತಾಡುತ್ತೇವೆ. ಅವನು ಕನ್ನಡದಲ್ಲಿ ಉತ್ತರಿಸಿದಾಗ ಒಂದು ಗಳಿಗೆ ಬೆರಗಾಗಿ, ಮತ್ತೆ ಬ್ಯಾನರ್ ನೆಟ್ಟಗಿದೆಯಾ ಅಂತ ನೋಡಲು ಹೋಗುತ್ತೇವೆ.

2020ರ ಮೇ ತಿಂಗಳು ಇದನ್ನೆಲ್ಲ ಇನ್ನೊಂದು ಬಗೆಯಲ್ಲಿ ತೋರಿಸಿತು. ಕೊರೋನಾ ಬಂದು ಕೆಲಸ ನಿಂತು, ಮಂಡ್ಯದ ಕಡೆಯವರು, ಉಡುಪಿಯವರು, ಕಲಬುರಗಿಯವರು ಊರಿಗೆ ಹೊರಟರು. ಟಿವಿಯಲ್ಲಿ 'ಮುಂಬೈ ನಂಟು' ಅನ್ನುವ ಮಾತು ರೋಗದ ಹೆಸರಿನಂತೆ ಓಡಾಡಿತು. ಮಹಾರಾಷ್ಟ್ರದಿಂದ ಬರುವವರಿಗೆ ರಾಜ್ಯದ ಗಡಿಯನ್ನೇ ಕೆಲ ದಿನ ಮುಚ್ಚಲಾಯಿತು. ಭಯ ಇತ್ತು, ಒಪ್ಪುತ್ತೇನೆ. ಆದರೆ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಚಂದಾ ಕೇಳುವಾಗ ಇದ್ದ ನಂಟು ಆ ತಿಂಗಳು ಎಲ್ಲಿ ಹೋಗಿತ್ತು? ಇಲ್ಲಿ ಆಗ ಸಂಘಗಳ ಹಳೆಯ ಮಂದಿ ಮತ್ತೆ ಕೆಲಸಕ್ಕೆ ಬಿದ್ದರು. ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದರು, ಬಸ್ಸಿನ ಪಾಸಿಗೆ ಓಡಾಡಿದರು, ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕಿದರು. ಆ ಎರಡು ತಿಂಗಳು ಕಿಟ್ ಕೊಡುವಾಗ ನಾನು ಕಂಡ ಮಟ್ಟಿಗೆ ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ನಾಕಾದವರ ಫೋನ್ ನಂಬರ್ ಮೊದಲ ಸಲ ಸಂಘದ ವಹಿಯಲ್ಲಿ ಬರೆಯಲ್ಪಟ್ಟದ್ದನ್ನು ನಾನು ನೋಡಿದ್ದೇನೆ.

ಆ ವಹಿ ಈಗಲೂ ಇದೆ. ಅದರಲ್ಲಿರುವ ನಂಬರುಗಳಿಗೆ ಕಾರ್ಯಕ್ರಮದ ಆಮಂತ್ರಣ ಕಳಿಸುವುದು ಸುಲಭ, ಸಾಲದ ಅರ್ಜಿ ಕಳಿಸುವುದು ಕಷ್ಟ. ಸಂಘ ಮತ್ತೆ ಬೆಳೆಯಬೇಕಾದರೆ ಕಷ್ಟದ್ದನ್ನೇ ಮಾಡಬೇಕಾಗುತ್ತದೆ. ತಲ್ಮಕಿಯವರು ಮಾಡಿದ್ದೂ ಅದನ್ನೇ. ಊರಿನಿಂದ ಮುಂದಿನ ಸಲ ಅತಿಥಿಯಾಗಿ ಬರುವವರಿಗೆ ನನ್ನದೊಂದು ಕೋರಿಕೆ. ಜೋಕು ಹೇಳಿ, ಶಾಲೂ ಹೊದ್ದುಕೊಳ್ಳಿ, ತಪ್ಪಿಲ್ಲ. ಹೊರಡುವ ಮೊದಲು ಮಾತ್ರ ನಮ್ಮನ್ನು ಕೇಳಿ: ಈ ವರ್ಷ ಎಷ್ಟು ಜನರಿಗೆ ಜಾಮೀನು ನಿಂತಿರಿ?